ಅವ್ವನ ಓಮ್ನಿ
ಗಾಲಿಕುರ್ಚಿ ಸಮೇತ ಅವ್ವನನ್ನು ದಡ್ಡಿಯಿಂದ ಗೋಕಾಕದ ದವಾಖಾನೆಗೆ ಒಯ್ಯಲು ಹಳೆಯ ಓಮ್ನಿ ನೋಡಲು ಹೋದೆ. 2019ರಲ್ಲೇ ತಯಾರಿಕೆ ನಿಂತ ಗಾಡಿ. ದಲ್ಲಾಳಿಯ ಬಾಯಿ ಮಾತ್ರ ನಿಂತಿಲ್ಲ. ‘ಇಂಜಿನ್ ಯಾರೂ ಮುಟ್ಟಿಲ್ರೀ ಸಾವ್ಕಾರ್ರ!’ ಯಾಕೆ ಮುಟ್ಟಿಲ್ಲವೆಂದು ಚಾಲೂ ಮಾಡಿದಾಗ ತಿಳಿಯಿತು. ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಕೂತವನಿಗೆ ಪುಕ್ಕಟೆ ಶೇಕವೂ ಆಯಿತು.

ಹಿಂದಿನ ಸೀಟು ಕಿತ್ತು, ವೆಲ್ಡರ್ ಕಡೆಯಿಂದ ತಗಡಿನ ಇಳಿಜಾರು ಮಾಡಿಸಲಾಗಿತ್ತು. ಪರೀಕ್ಷೆಗೆ ಕುರ್ಚಿಯಲ್ಲಿ ನಾನೇ ಕೂತೆ. ತಳ್ಳಿದ ನನ್ನ ಅಳಿಯ ಹುಮ್ಮಸ್ಸಿನವ. ಹಿಂಬಾಗಿಲಿಂದ ಹೊಕ್ಕವನು ಡ್ರೈವರ್ ಸೀಟಿನ ಬೆನ್ನಿಗೆ ಮುದ್ದಿಟ್ಟೆ. ಕುರ್ಚಿ ಬಿಗಿಯುವ ಪಟ್ಟಿ ಕೇಳಿದರೆ ದಲ್ಲಾಳಿ ಎಮ್ಮಿ ಕಟ್ಟುವ ಹಗ್ಗ ತೋರಿಸಿದ. ಆರ್‌ಸಿಯಲ್ಲಿ ಈ ಮಾರ್ಪಾಡು ಏರಿದೆಯೇ? ‘ಆಕೈತ್ರಿ!’

ಆದರೂ ಕೊಂಡು ಮನೆಗೆ ತಂದಾಗ ಅವ್ವ ಒಳಗೆ ಇಣುಕಿದಳು. ‘ಎಲ್ಲಾ ಚೊಲೋ ಐತಿ. ನಾ ಹಿಂದ ಕುಂತ್ರ ಡ್ರೈವರಗ ದಾರಿ ಹೇಳಾವ್ರು ಯಾರು?’