ಗುಟ್ಟಿನ ದಿನಚರಿ, ಬಯಲಿನ ಬ್ಲಾಗು

ದಿನಚರಿಯೆಂಬುದು ಬರೆದವನೇ ಓದುಗನೂ ಆಗಿರುವ ಬರಹವಾದರೆ, ಬ್ಲಾಗು ಎಂಬುದು ಊರೆಲ್ಲ ಓದಲೆಂದು ಅಂತರಜಾಲದಲ್ಲಿ ಬಾಗಿಲು ತೆರೆದಿಟ್ಟ ದಿನಚರಿ. ಲಂಡನ್ನಿನ ನೌಕಾ ಆಡಳಿತದ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ ತನ್ನ ಊಟ, ಉಡುಪು, ಹೆಂಡತಿಯೊಡನೆ ಆಡಿದ ಜಗಳ, 1666ರ ಮಹಾ ಬೆಂಕಿಗೆ ಹೆದರಿ ಮಣ್ಣಿನಲ್ಲಿ ಹೂತಿಟ್ಟ ಪಾರ್ಮಸಾನ್ ಚೀಸು, ಎಲ್ಲವನ್ನೂ ಶೀಘ್ರಲಿಪಿಯಲ್ಲಿ, ಎಂದರೆ ಬೇಗ ಬರೆಯಲು ರೂಪಿಸಿದ ಸಂಕೇತಾಕ್ಷರಗಳಲ್ಲಿ, ದಾಖಲಿಸಿದನು. ಪರಸ್ತ್ರೀಯರ ಪ್ರಸಂಗ ಬಂದಾಗ ಅದೂ ಸಾಲದೆಂದು ಸ್ಪ್ಯಾನಿಷ್, ಫ್ರೆಂಚ್ ಪದಗಳ ಕಲಸುಮೇಲೋಗರದ ಮೊರೆಹೊಕ್ಕನು. (ಇಂಥ ಮುಸುಕು ಓದುಗನ ಕಣ್ಣನ್ನು ನೇರವಾಗಿ ಅಲ್ಲಿಗೇ ಎಳೆಯುತ್ತದೆಂಬುದು ಬೇರೆ ಮಾತು.) ಪೀಪ್ಸನ ಪುಸ್ತಕಭಂಡಾರದೊಡನೆ ಕೇಂಬ್ರಿಡ್ಜಿನ ಕಾಲೇಜೊಂದಕ್ಕೆ ಸೇರಿದ ಈ ದಿನಚರಿಯ ಸಂಪುಟಗಳನ್ನು 19ನೆಯ ಶತಮಾನದಲ್ಲಿ ಜಾನ್ ಸ್ಮಿತ್ ಎಂಬಾತ ಸುಮಾರು ಮೂರು ವರ್ಷ ತಲೆ ಕೆರೆದುಕೊಂಡು ಬಿಡಿಸಿದನು; ಆದರೆ ಆ ಲಿಪಿಯ ಕೈಪಿಡಿ ಅದೇ ಪುಸ್ತಕಭಂಡಾರದಲ್ಲಿ ತಣ್ಣಗೆ ಕುಳಿತಿತ್ತು. 1825ರಲ್ಲಿ ಆಯ್ದ ಭಾಗಗಳು ಅಚ್ಚಾದವು. 2003ರಿಂದ ಇಡೀ ದಿನಚರಿ ದಿನಕ್ಕೊಂದು ಕಂತಿನಂತೆ ಬ್ಲಾಗಿನ ರೂಪದಲ್ಲಿ ಹೊರಬಂದು, ಗುಟ್ಟಿಗೆ ಲೋಕವೆಲ್ಲ ಓದುಗರಾದರು. ಇತ್ತ ಲೋಕವೇ ಓದಲೆಂದು ಬರೆಯುವ ಇಂದಿನ ಬ್ಲಾಗಿಗನ ಪುಟಕ್ಕೆ ಎಷ್ಟೋ ಸಲ ಮನೆಯವರೂ ಇಣುಕದಿರುವುದರಿಂದ, ಅವನ ರಹಸ್ಯಗಳು ಪೀಪ್ಸನವುಗಳಿಗಿಂತ ಭದ್ರವಾಗಿವೆ. ಕಣ್ಣು ಹೋದೀತೆಂಬ ಭಯದಿಂದ ಪೀಪ್ಸ್ 1669ರಲ್ಲಿ ದಿನಚರಿಯನ್ನು ನಿಲ್ಲಿಸಿದನು. ಬ್ಲಾಗಿಗರು ನಿಲ್ಲಿಸುವುದು ಬಹುಮಟ್ಟಿಗೆ ಪಾಸ್‌ವರ್ಡ್ ಮರೆತು.