ಘನ ಅಡಿ ಲೆಕ್ಕದ ಪ್ರವಾಸ

ನಮ್ಮ ಮನೆಯವರು ಮರವನ್ನು ಬರೀ ಮರ ಎಂದು ನೋಡಿದ್ದನ್ನು ನಾನಂತೂ ಕಂಡಿಲ್ಲ. ಸಾಗರದ ಕಡೆ ಮರದ ಡಿಪೋದಲ್ಲಿ ನಾಟಾದ ಲೆಕ್ಕ ಬರೆದು ಬರೆದೇ ನಿವೃತ್ತರಾದವರು. ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಹಾಕುವಾಗಲೂ ಬಾಯಲ್ಲಿ ಶ್ಲೋಕ, ತಲೆಯಲ್ಲಿ ಸುತ್ತಳತೆ. ಸುತ್ತಳತೆಯ ಕಾಲುಭಾಗ ತಗೋ, ಅದನ್ನು ಅದರಿಂದಲೇ ಗುಣಿಸು, ಬಂದದ್ದನ್ನು ಉದ್ದದಿಂದ ಗುಣಿಸು, ಘನ ಅಡಿ ಬಂತು. ಈ ಮಂತ್ರ ನಮ್ಮ ಮಗಳಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು. ಇಂಥವರನ್ನು ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿಗೆ, ಭೂಮಿಯ ಮೇಲಿನ ಅತಿ ಎತ್ತರದ ಮರಗಳಿರುವ ಜಾಗಕ್ಕೆ, ಕರೆದುಕೊಂಡು ಹೋಗುತ್ತೇನೆಂದು ಅಳಿಯಂದಿರು ಹೊರಟಾಗ ಬೇಡ ಎನ್ನುವ ಧೈರ್ಯ ಮಗಳಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಅಳಿಯಂದಿರು ಸಾಫ್ಟ್‌ವೇರಿನವರು. ಪ್ರವಾಸವೆಂದರೆ ಅವರಿಗೆ ಮೊದಲು ಎಕ್ಸೆಲ್ ಹಾಳೆ, ಆಮೇಲೆ ಕಾರು. ಫ್ರೀಮಾಂಟಿನಿಂದ ಹೊರಟು 101ನೇ ಹೆದ್ದಾರಿಯಲ್ಲಿ ಒರೆಗಾನ್ ಗಡಿಯ ಹತ್ತಿರದವರೆಗೆ ಹೋಗುವುದು, ಬರುವಾಗ 1ನೇ ಹೆದ್ದಾರಿ ಹಿಡಿಯುವುದು. “ಹೋಗ್ತಾ ಮರ, ಬರ್ತಾ ಸಮುದ್ರ ಅತ್ತೆ” ಎಂದರು. ಪೆಟ್ರೋಲಿಗೆ, ಊಟಕ್ಕೆ, ಮೂತ್ರಕ್ಕೆ ಸಹ ಹಾಳೆಯಲ್ಲಿ ಕಾಲಂ ಇತ್ತು. ಮಂಜಿಗೆ ಮಾತ್ರ ಇರಲಿಲ್ಲ. ನನ್ನ ಸಿದ್ಧತೆಯೆಲ್ಲ ಡಿಕ್ಕಿಯಲ್ಲಿತ್ತು: ಚಪಾತಿ, ಪುಳಿಯೋಗರೆ, ಒಂದು ದೊಡ್ಡ ಡಬ್ಬಿ ಖಾರದ ಅವಲಕ್ಕಿ, ತಿರುವಿನ ದಾರಿ ಸಿಕ್ಕರೆ ಇರಲಿ ಎಂದು ನಿಂಬೆಹಣ್ಣು. ಇವರ ಸಿದ್ಧತೆ ಜೇಬಿನಲ್ಲಿತ್ತು. ಅಳತೆ ಟೇಪು.

ಲೆಗೆಟ್ ಎಂಬ ಪುಟ್ಟ ಊರಿನಲ್ಲಿ ಶಾಂಡ್ಲಿಯರ್ ಮರ ಎಂದೊಂದಿದೆ. ಮುಗಿಲು ಮುಟ್ಟುವ ಎತ್ತರ, ಈಗಲೂ ಹಸಿರಾಗಿಯೇ ಇದೆ. 1930ರ ದಶಕದಲ್ಲಿ ಯಾರಿಗೋ ಇದರ ಬುಡ ಕೊರೆದು ಕಾರು ನುಗ್ಗಿಸಬೇಕು ಎನ್ನಿಸಿ, 6 ಅಡಿ ಅಗಲದ, 6 ಅಡಿ 9 ಅಂಗುಲ ಎತ್ತರದ ಕಿಂಡಿ ಮಾಡಿಬಿಟ್ಟರು. ದುಡ್ಡು ಕೊಟ್ಟರೆ ಯಾರು ಬೇಕಾದರೂ ಮರದ ಹೊಟ್ಟೆಯೊಳಗಿಂದ ಕಾರು ಓಡಿಸಬಹುದು. ತೊಂದರೆ ಏನೆಂದರೆ, ಅಂದಿನ ಕಾರುಗಳು ಬಡಕಲು. ನಮ್ಮದು ಬಾಡಿಗೆಗೆ ತಂದ ಏಳು ಸೀಟಿನ ದಢೂತಿ.

ಅಳಿಯಂದಿರು ಎರಡೂ ಬದಿಯ ಕನ್ನಡಿ ಮಡಚಿದರು. ಇವರು ಇಳಿದು ಹೋಗಿ ಕಿಂಡಿಯ ಆಚೆ ನಿಂತು ಆಗುಂಬೆ ಘಾಟಿಯ ಬಸ್ಸಿನ ಕ್ಲೀನರನ ಹುದ್ದೆ ವಹಿಸಿಕೊಂಡರು. “ಬರ್ಲಿ ಬರ್ಲಿ... ಚೂರು ರೈಟು... ಬರ್ಲಿ... ಹೋಲ್ಡಾನ್!” ಹಿಂದೆ ಕಾರುಗಳ ಸಾಲು ಬೆಳೆಯುತ್ತಿತ್ತು. ಒಬ್ಬರೂ ಹಾರನ್ ಮಾಡಲಿಲ್ಲ. ಅಮೆರಿಕದವರ ಆ ಮೌನವಿದೆಯಲ್ಲ, ಅದು ನಮ್ಮ ಕಡೆಯ ಹಾರನ್ನಿಗಿಂತ ಜಾಸ್ತಿ ಚುಚ್ಚುತ್ತದೆ. ಕೊನೆಗೆ ಟೇಪು ಹೊರಬಂತು. ಇವರು ಮೊದಲು ಕಿಂಡಿ ಅಳೆದರು, ಆಮೇಲೆ ಕಾರು ಅಳೆದರು, “ಹೋಗಲ್ಲ ಮಾರಾಯ್ರೆ, ಕಾರೇ ಹೆಚ್ಚಿದೆ” ಎಂದು ತೀರ್ಪು ಕೊಟ್ಟರು. ಕಾರು ಹಿಂದೆ ಬಂತು. ಕಾರಿಗೆ ಕೊಂಡ ಟಿಕೇಟಿನಲ್ಲಿ ನಾವು ನಾಲ್ವರೂ ಆ ಕಿಂಡಿಯಲ್ಲಿ ಕೈಬೀಸಿಕೊಂಡು ನಡೆದು ದಾಟಿದೆವು.

ಯೊಸೆಮಿಟಿಯಲ್ಲೂ ಹೀಗೇ ಕಿಂಡಿ ಕೊರೆದಿದ್ದ ಮರವೊಂದಿತ್ತಂತೆ, ಇದರ ದಾಯಾದಿ ಜಾತಿಯದು. 1969ರಲ್ಲಿ ಹಿಮದ ಭಾರ ತಾಳದೆ ಬಿದ್ದುಹೋಯಿತು. ನನಗೆ ಅನ್ನಿಸುವುದು ಇಷ್ಟು: ತನ್ನ ಅಳವಿಗೆ ಮೀರಿದ್ದು ಎದುರು ನಿಂತರೆ ಮನುಷ್ಯನಿಗೆ ಸುಮ್ಮನಿರಲು ಆಗುವುದಿಲ್ಲ. ಒಬ್ಬ ಕೈಮುಗಿಯುತ್ತಾನೆ, ಒಬ್ಬ ಕೊರೆಯುತ್ತಾನೆ, ಒಬ್ಬ ಟಿಕೇಟು ಇಡುತ್ತಾನೆ. ನಮ್ಮ ಮನೆಯವರು ಟೇಪು ಹಿಡಿಯುತ್ತಾರೆ.

ಅಲ್ಲಿಂದ ಮುಂದೆ ‘ಅವೆನ್ಯೂ ಆಫ್ ದಿ ಜೈಂಟ್ಸ್’, ಹಳೆಯ ಹೆದ್ದಾರಿಯ 31 ಮೈಲಿ. ನಡುಹಗಲಿನಲ್ಲೂ ದೀಪ ಹಚ್ಚಿಕೊಂಡು ಹೋಗುವ ರಸ್ತೆ. ಮರಗಳು ರಸ್ತೆಗೆ ಜಾಗ ಬಿಟ್ಟಿಲ್ಲ, ರಸ್ತೆಯೇ ಮರಗಳ ಸಂದಿಯಲ್ಲಿ ಮೈ ಹಿಡಿಮಾಡಿಕೊಂಡು ಹೋಗುತ್ತದೆ. ಮಗಳು ಫೋಟೋ ತೆಗೆಯಲು ಇಳಿದಳು. ಬುಡ ಬಂದರೆ ತುದಿ ಇಲ್ಲ, ತುದಿ ಬಂದರೆ ಗಂಡ ಇಲ್ಲ. ಕೊನೆಗೆ ಬಿಳಿ ಪ್ಯಾಂಟಿನಲ್ಲೇ ನೆಲದ ಮೇಲೆ ಅಂಗಾತ ಮಲಗಿದಳು. ಅಷ್ಟಾದರೂ ಸಿಕ್ಕಿದ್ದು ಒಂದು ಕಂದು ಗೋಡೆ, ಅದರ ಕೆಳಮೂಲೆಯಲ್ಲಿ ನನ್ನ ಸ್ವೆಟರು.

ಇವರು ಅಷ್ಟು ಹೊತ್ತಿಗೆ ಗಂಭೀರರಾಗಿದ್ದರು. ಅಡಿ ದಪ್ಪದ ತೊಗಟೆಯನ್ನು ಒತ್ತಿ ನೋಡಿದರು. ಬೆಂಕಿ ಬಿದ್ದರೂ ಒಳಗಿನ ಮರ ಉಳಿಯುವುದು ಈ ತೊಗಟೆಯಿಂದ ಎಂದು ಅಳಿಯಂದಿರು ಓದಿ ಹೇಳಿದರು. ಬೀಜ ಟೊಮೆಟೊ ಬೀಜದಷ್ಟು. ಬೇರು ಹತ್ತು ಹನ್ನೆರಡು ಅಡಿಗಿಂತ ಆಳಕ್ಕೆ ಇಳಿಯುವುದೇ ಇಲ್ಲ, ಅಡ್ಡಡ್ಡ ಹರಡಿ ಪಕ್ಕದ ಮರಗಳ ಬೇರಿನ ಜೊತೆ ಹೆಣೆದುಕೊಂಡು ನಿಲ್ಲುತ್ತದೆ. ಎರಡು ಸಾವಿರ ವರ್ಷ ದಾಟಿದ ಮರಗಳೂ ಇವೆ. “ತಾಯಿಬೇರು ಇಲ್ವಾ? ಇಷ್ಟು ಎತ್ತರಕ್ಕೆ?” ಎಂದು ಇವರು ಮರವನ್ನೇ ವಿಚಾರಣೆ ಮಾಡುವ ಧಾಟಿಯಲ್ಲಿ ಕೇಳಿದರು.

ಹಳೆಯ ಕಾಡಿನಲ್ಲಿ ಕಡಿದು ಉಳಿದದ್ದು ನೂರಕ್ಕೆ ಐದರಷ್ಟು ಮಾತ್ರ. ಅದೂ 1918ರಲ್ಲಿ ಹುಟ್ಟಿದ ‘ಸೇವ್ ದಿ ರೆಡ್‌ವುಡ್ಸ್ ಲೀಗ್’ನಂಥವರು ಚಂದಾ ಎತ್ತಿ, ತೋಪು ತೋಪಾಗಿ ಕೊಂಡು ಉಳಿಸಿದ್ದು. ಮಿಕ್ಕ ತೊಂಬತ್ತೈದು ಎಲ್ಲಿ ಹೋಯಿತು ಎಂದು ನಾನು ಕೇಳಿದೆ. “ಇಲ್ಲೂ ನಮ್ಮೋರೇ ಇದ್ರು ಅನ್ನು” ಎಂದರು ಇವರು. ದನಿಯಲ್ಲಿ ಬೇಸರವಿತ್ತೋ ವೃತ್ತಿಬಾಂಧವ್ಯವಿತ್ತೋ ತಿಳಿಯಲಿಲ್ಲ.

ಫೌಂಡರ್ಸ್ ಗ್ರೋವ್‌ನಲ್ಲಿ ಇವರ ಅದೃಷ್ಟ ಖುಲಾಯಿಸಿತು. ಅಲ್ಲಿ ಡೈಯರ್‌ವಿಲ್ ಜೈಂಟ್ ಎಂಬ ಮರ ಅಡ್ಡ ಮಲಗಿದೆ. 1991ರ ಮಾರ್ಚಿನಲ್ಲಿ ಬಿತ್ತು. ಸದ್ದು ಕೇಳಿದ ದೂರದ ನಿವಾಸಿಯೊಬ್ಬರು ರೈಲು ಅಪಘಾತವೆಂದುಕೊಂಡರಂತೆ. ಉದ್ದ 362 ಅಡಿ, ಬುಡದ ಸುತ್ತಳತೆ 52 ಅಡಿ. ನಿಂತ ಮರದ ಲೆಕ್ಕ ಅಂದಾಜು, ಬಿದ್ದ ಮರದ ಲೆಕ್ಕವೇ ಲೆಕ್ಕ ಎನ್ನುವುದು ಡಿಪೋ ನೀತಿ. ಇವರು ಬುಡದಿಂದ ತುದಿಗೆ ಹೆಜ್ಜೆ ಎಣಿಸುತ್ತ ಹೊರಟರು. ನಾವು ಕೂತು ಕಾಫಿ ಕುಡಿದು, ಫ್ಲಾಸ್ಕು ತೊಳೆದು, ಮಗಳ ಪ್ಯಾಂಟಿನ ಮಣ್ಣು ಕೊಡವಿ ಮುಗಿಸಿದ ಮೇಲೆ ವಾಪಸು ಬಂದರು.

“ಹದಿಮೂರು ಹದಿಮೂರ್ಲೆ ನೂರರವತ್ತೊಂಬತ್ತು... ತುದಿ ಕಡೆ ಸಣ್ಣ ಆಗ್ತದೆ, ನಡುವಿನ ಸುತ್ತಳತೆ ಹಿಡೀಬೇಕು... ಇರ್ಲಿ, ರಹದಾರಿ ಬರೆಯೋಕೇ ಒಂದು ಪುಸ್ತಕ ಸಾಲಲ್ಲ. ಇದನ್ನ ಹರಾಜು ಯಾವಾಗ ಹಾಕ್ತಾರಂತೆ?”

“ಹಾಕಲ್ಲ ಮಾವ. ಇಲ್ಲೇ ಕೊಳೀಲಿ ಅಂತ ಬಿಟ್ಟಿದ್ದಾರೆ. ಇದರ ಮೇಲೇ ಹೊಸ ಗಿಡ, ಜರಿಗಿಡ, ಹುಳ ಹುಪ್ಪಟೆ ಎಲ್ಲ ಬದುಕುತ್ತೆ.”

“ಬಿದ್ದ ಮರಾನೂ ಎತ್ತಲ್ವಾ?” ಎಂದು ಇವರು ನನ್ನ ಮುಖ ನೋಡಿದರು. ಒಂದು ಇಡೀ ಸೇವಾವಧಿಯ ಅರ್ಥವೇ ಆ ಪ್ರಶ್ನೆಯಲ್ಲಿ ಅಲುಗಾಡಿದ ಹಾಗಿತ್ತು.

ಎಲ್ಲಕ್ಕಿಂತ ಎತ್ತರದ ಮರ ಇದಲ್ಲ. ಅದು ಹೈಪೀರಿಯನ್, 2006ರಲ್ಲಿ ಇಬ್ಬರು ಕಾಡು ಸುತ್ತುವವರ ಕಣ್ಣಿಗೆ ಬಿತ್ತು, ಸುಮಾರು 116 ಮೀಟರ್. ಅದನ್ನೂ ತೋರಿಸಿ ಎಂದು ಇವರು ಹಟ ಹಿಡಿದರು. ಜನ ತುಳಿದು ತುಳಿದು ಬುಡದ ನೆಲ ಹಾಳಾದ್ದರಿಂದ 2022ರಲ್ಲಿ ಆ ಜಾಗ ಮುಚ್ಚಿದ್ದಾರೆ, ಹತ್ತಿರ ಹೋದರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಇವರು ಮನಸ್ಸಿನಲ್ಲೇ ರೂಪಾಯಿ ಮಾಡಿದರು. ನಾಲ್ಕು ಲಕ್ಷ ದಾಟಿತು. “ಎತ್ತರದ ಮರದಲ್ಲಿ ನೋಡೋದೇನಿದೆ, ಕುತ್ತಿಗೆ ನೋವು” ಎಂದರು.

ಪ್ರೇರಿ ಕ್ರೀಕ್ ಎಂಬಲ್ಲಿ ಊಟಕ್ಕೆ ಕೂತೆವು. ಅವಲಕ್ಕಿ ಡಬ್ಬಿ ತೆರೆದೆ. ಇವರು ಅವಲಕ್ಕಿ ತಿನ್ನುವ ಕ್ರಮ ಹೀಗಿದೆ: ಮುಷ್ಟಿಯಲ್ಲಿ ಹಿಡಿದು ದೂರದಿಂದ ಬಾಯಿಗೆ ಎಸೆಯುವುದು. ಅರ್ಧ ಬಾಯಿಗೆ, ಅರ್ಧ ಭೂಮಿತಾಯಿಗೆ. ಮಗಳು “ಅಪ್ಪಾ!” ಎಂದು ಕಿರುಚಿ ಬೋರ್ಡು ತೋರಿಸಿದಳು. ಒಂದು ಚೂರೂ ನೆಲಕ್ಕೆ ಬೀಳಿಸಬೇಡಿ, ಬಿದ್ದರೆ ಹೆಕ್ಕಿ ಎಂಬರ್ಥದ ಬೋರ್ಡು.

ಕಾರಣ ಒಂದು ಹಕ್ಕಿ. ಮರ್ರಲೆಟ್ ಎಂಬ ಈ ಹಕ್ಕಿ ಹೊಟ್ಟೆಪಾಡಿಗೆ ಸಮುದ್ರದಲ್ಲಿರುತ್ತದೆ, ಬಾಣಂತನಕ್ಕೆ ಕಾಡಿಗೆ ಬರುತ್ತದೆ. ಗೂಡೂ ಕಟ್ಟುವುದಿಲ್ಲ, ಹಳೆಯ ಮರಗಳ ದಪ್ಪ ಕೊಂಬೆಯ ಪಾಚಿಯ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟು, ಕಡಲಿಂದ ಮೀನು ಹೊತ್ತು ತಂದು ಮರಿ ಸಾಕುತ್ತದೆ. ಅದು ಎಲ್ಲಿ ಮೊಟ್ಟೆ ಇಡುತ್ತದೆಂದೇ ಕ್ಯಾಲಿಫೋರ್ನಿಯಾದವರಿಗೆ ಬಹುಕಾಲ ಗೊತ್ತಿರಲಿಲ್ಲ. 1974ರಲ್ಲಿ ಮರ ಹತ್ತಿದವನೊಬ್ಬನಿಗೆ ಅಕಸ್ಮಾತ್ ಸಿಕ್ಕಿತು. ಪ್ರವಾಸಿಗಳು ಚೆಲ್ಲಿದ್ದನ್ನು ತಿನ್ನಲು ಕಾಗೆ ಬಳಗದ ನೀಲಿ ಜೇ ಹಕ್ಕಿಗಳು ಗುಂಪುಗೂಡುತ್ತವೆ. ಉಂಡ ಮೇಲೆ ಸುಮ್ಮನೆ ಹೋಗುವ ಜಾತಿಯಲ್ಲ ಅವು. ಮೇಲೆ ಹೋಗಿ ಆ ಒಂದು ಮೊಟ್ಟೆಯನ್ನೂ ಮುಗಿಸುತ್ತವೆ. ಹೀಗೆ ನನ್ನ ಅವಲಕ್ಕಿಗೂ ಪೆಸಿಫಿಕ್ ಸಾಗರದ ಹಕ್ಕಿಯ ವಂಶಕ್ಕೂ ನೇರ ಸಂಬಂಧ ಏರ್ಪಟ್ಟಿತ್ತು.

ಇವರು ಕನ್ನಡಕ ಹಾಕಿಕೊಂಡು ನೆಲಕ್ಕೆ ಕೂತರು. ಒಂದೊಂದೇ ಅವಲಕ್ಕಿ, ಒಂದೊಂದೇ ಶೇಂಗಾ, ಕರಿಬೇವಿನ ಎಸಳು. ಒಂದು ನೀಲಿ ಜೇ ಆಗಲೇ ಬಂದು ಮೇಜಿನ ತುದಿಯಲ್ಲಿ ಕೂತು, ಬಾಳೆಯೆಲೆ ಹಾಸುವುದನ್ನು ಕಾಯುವ ನೆಂಟನ ಠೀವಿಯಲ್ಲಿ ಡಬ್ಬಿಯನ್ನೇ ನೋಡುತ್ತಿತ್ತು. ಇವರಿಗೂ ಅದಕ್ಕೂ ಪೈಪೋಟಿ ಬಿತ್ತು. ಒಂದು ಸಾಸಿವೆ ಕಾಳಿಗಾಗಿ ಇವರು ಬೆಂಚಿನಡಿ ತೆವಳಿದ್ದನ್ನು ನಾನು ಕಣ್ಣಾರೆ ನೋಡಿದೆ. ಮನೆಯಲ್ಲಿ ಮೂವತ್ತು ವರ್ಷ ನಾನು ಹೇಳಿದರೂ ಆಗದ ಕೆಲಸ ಒಂದು ಕಡಲಹಕ್ಕಿಯಿಂದ ಆಯಿತು. ಆಮೇಲೆ ಪ್ರವಾಸದುದ್ದಕ್ಕೂ ಬೇರೆಯವರ ಮಕ್ಕಳು ಚಿಪ್ಸ್ ಬೀಳಿಸಿದರೂ ಇವರು ಗದರುವ ಕಣ್ಣು ಬಿಡುತ್ತಿದ್ದರು.

ಆ ಕಡೆ ಜನ ಮಾಡಿದ ಕಿತಾಪತಿಗಳೂ ಕಡಿಮೆಯಲ್ಲ. 1977ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನವನ್ನು ಇನ್ನೂ ದೊಡ್ಡದು ಮಾಡುತ್ತಾರೆಂದು ತಿಳಿದ ಮರ ಕಡಿಯುವವರು, ಕೆಲಸ ಹೋಗುತ್ತದೆಂಬ ಸಂಕಟಕ್ಕೆ, ರೆಡ್‌ವುಡ್ಡಿನಲ್ಲಿ ಟನ್‌ಗಟ್ಟಲೆ ತೂಕದ ಒಂದು ಕಡಲೆಕಾಯಿ ಕೆತ್ತಿ ಲಾರಿಗಳ ಮೆರವಣಿಗೆಯಲ್ಲಿ ದೇಶದ ಆ ತುದಿಗೆ, ವಾಷಿಂಗ್ಟನ್ನಿಗೆ, ಒಯ್ದರು. ಅಂದಿನ ಅಧ್ಯಕ್ಷ ಕಾರ್ಟರ್ ಮೂಲತಃ ಕಡಲೆಕಾಯಿ ಬೆಳೆಗಾರರು. ಶ್ವೇತಭವನ ಕಾಯಿಯನ್ನು ಸ್ವೀಕರಿಸಲಿಲ್ಲ. ಅದು ಅಷ್ಟು ದೂರ ವಾಪಸು ಬಂದು ಓರಿಕ್ ಎಂಬ ಊರಿನ ರಸ್ತೆ ಬದಿಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಉದ್ಯಾನ 1978ರಲ್ಲಿ ವಿಸ್ತಾರವಾಗಿಯೇ ಆಯಿತು. ಬಸವನಗುಡಿಯ ಪರಿಷೆಗೆ ತಂದಿದ್ದರೆ ಆ ಕಾಯಿಗೆ ಕುಂಕುಮ ಹಚ್ಚಿ ಮರ್ಯಾದೆಯಾದರೂ ಮಾಡುತ್ತಿದ್ದೆವು.

ಬಿಗ್‌ಫುಟ್ಟಿನ ಕಥೆಯೂ ಇಲ್ಲಿಯದೇ. 1958ರಲ್ಲಿ ರಸ್ತೆ ಮಾಡುತ್ತಿದ್ದವರಿಗೆ ದೈತ್ಯ ಹೆಜ್ಜೆಗುರುತು ಕಂಡು ಪತ್ರಿಕೆಯಲ್ಲಿ ಬಂದು ಜಗತ್ತೆಲ್ಲ ಹಬ್ಬಿತು. 2002ರಲ್ಲಿ ಆ ಕೆಲಸದ ಗುತ್ತಿಗೆದಾರ ತೀರಿಕೊಂಡ ಮೇಲೆ, ಅವು ಅವರೇ ಮರದಲ್ಲಿ ಕೆತ್ತಿಸಿದ ಪಾದಗಳ ಗುರುತು ಎಂದು ಅವರ ಕುಟುಂಬದವರು ಹೇಳಿದರು. ಕೇಳಿ ನಾವೆಲ್ಲ ನಕ್ಕೆವು. ಇವರು ನಗಲಿಲ್ಲ. “ಯಾವ ಮರದ್ದು?” ಎಂದರು.

ಕ್ಲಾಮತ್‌ನಲ್ಲಿ ‘ಟ್ರೀಸ್ ಆಫ್ ಮಿಸ್ಟರಿ’ ಮುಂದೆ 49 ಅಡಿಯ ಪಾಲ್ ಬನ್ಯನ್ ನಿಂತಿದ್ದಾನೆ. ಜನಪದ ಕಥೆಯ ಮರಕಡುಕ, ಪಕ್ಕದಲ್ಲಿ ಅವನ ನೀಲಿ ಎತ್ತು. ಆತ ಬಂದವರನ್ನು ಮಾತಾಡಿಸುತ್ತಾನೆ. ಒಳಗೆಲ್ಲೋ ಕೂತ ಮನುಷ್ಯ ಮೈಕಿನಲ್ಲಿ ಮಾತಾಡುವುದು. ಇವರ ಟೋಪಿಯ ಬಣ್ಣ ಹೇಳಿ ಸ್ವಾಗತ ಕೋರಿದ. ಇವರು ಸಹೋದ್ಯೋಗಿಗೆ ಕೊಡುವ ನಮಸ್ಕಾರ ಕೊಟ್ಟರು.

ಕ್ರೆಸೆಂಟ್ ಸಿಟಿ ಮುಟ್ಟುವಷ್ಟರಲ್ಲಿ ಮಂಜು ಇಳಿದಿತ್ತು. ಅಳಿಯಂದಿರು ಹೆಚ್ಚು ದುಡ್ಡು ತೆತ್ತು ಸಮುದ್ರ ಕಾಣುವ ಕೋಣೆ ಹಿಡಿದಿದ್ದರು. ಪರದೆ ಸರಿಸಿದರೆ ಆಚೆ ಇನ್ನೊಂದು ಬಿಳಿ ಪರದೆ. ಸಮುದ್ರ ಇದೆ ಎನ್ನುವುದಕ್ಕೆ ಸದ್ದು ಬಿಟ್ಟರೆ ಇದ್ದ ಒಂದೇ ದಾಖಲೆ, ರಸ್ತೆಯಲ್ಲಿ ನೆಟ್ಟ ‘ಸುನಾಮಿ ವಲಯ’ ಎಂಬ ಬೋರ್ಡು. ಅದು ತಮಾಷೆಯದಲ್ಲ. 1964ರ ಅಲಾಸ್ಕ ಭೂಕಂಪದ ಅಲೆ ಇದೇ ಊರಿನ ಪೇಟೆಯೊಳಗೆ ನುಗ್ಗಿ ಹತ್ತಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ರಾತ್ರಿ ಇವರು ಚಪ್ಪಲಿಯನ್ನು ಬಾಗಿಲ ಕಡೆ ಮುಖ ಮಾಡಿಟ್ಟು ಮಲಗಿದರು.

ವಾಪಸು ಬರುವಾಗ ಲೆಗೆಟ್‌ನಿಂದ 1ನೇ ಹೆದ್ದಾರಿ. ಕಡಲು ಮುಟ್ಟುವವರೆಗೆ ತಿರುವೋ ತಿರುವು. ನಿಂಬೆಹಣ್ಣು ಕೈಯಿಂದ ಕೈಗೆ ಹೋಯಿತು. ಎಕ್ಸೆಲ್ ಹಾಳೆ ಬರೆದವರಿಗೇ ಅದು ಮೊದಲು ಬೇಕಾಯಿತು. ಕಡಲಂಚಿಗೆ ಬಂದರೆ ಮತ್ತೆ ಮಂಜು. ಬೇಸಗೆಯಲ್ಲಿ ಆಳದ ತಣ್ಣೀರು ಈ ತೀರದುದ್ದಕ್ಕೂ ಮೇಲೆ ಬರುತ್ತದೆ, ಮೇಲಿನ ತೇವದ ಗಾಳಿ ಅದಕ್ಕೆ ತಾಗಿ ಮಂಜಾಗುತ್ತದೆ. ಬೇಸಗೆಯಲ್ಲಿ ಇಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆ ಮರಗಳು ಈ ಮಂಜನ್ನೇ ಎಲೆಯಲ್ಲಿ ಹೀರಿ, ಮಿಕ್ಕಿದ್ದನ್ನು ತಮ್ಮ ಬುಡಕ್ಕೇ ತೊಟ್ಟಿಕ್ಕಿಸಿಕೊಂಡು ಬದುಕುತ್ತವೆ. ವರ್ಷದ ನೀರಿನಲ್ಲಿ ಮೂರನೆಯ ಒಂದು ಭಾಗದವರೆಗೂ ಮಂಜಿನದೇ ಇರಬಹುದಂತೆ. ಇಷ್ಟನ್ನೂ ಅಳಿಯಂದಿರು ಹೇಳಿದ್ದು, ಮಂಜು ತಮ್ಮ ತಪ್ಪಲ್ಲ ಎಂದು ಸಾಬೀತು ಮಾಡುವುದಕ್ಕೆ. “ಹಾಗಾದ್ರೆ ಮರ ನೋಡಿದ ಮೇಲೆ ಸಮುದ್ರ ಕೇಳಬಾರದು. ಎರಡೂ ಒಂದೇ ಟಿಕೇಟಲ್ಲಿ ಬರಲ್ಲ” ಎಂದರು ಇವರು.

ಫೋರ್ಟ್ ಬ್ರ್ಯಾಗ್‌ನಲ್ಲಿ ಗ್ಲಾಸ್ ಬೀಚ್ ಇದೆ. 1967ರವರೆಗೆ ಊರಿನವರು ಕಸವನ್ನೆಲ್ಲ ಆ ತೀರದಲ್ಲಿ ಸುರಿಯುತ್ತಿದ್ದರು. ಒಡೆದ ಬಾಟಲಿಗಳನ್ನು ಅಲೆ ಉಜ್ಜಿ ಉಜ್ಜಿ ಹಸಿರು, ಬಿಳಿ, ಕಂದು ಬಣ್ಣದ ನುಣುಪು ಹರಳು ಮಾಡಿಟ್ಟಿದೆ. ಮೊಮ್ಮಕ್ಕಳಿಗೆ ಆಗಲಿ ಎಂದು ನಾನು ಬಗ್ಗಿದೆ. ಇವರು ಕೈ ಹಿಡಿದರು. ಮತ್ತೊಂದು ಬೋರ್ಡು: ಹೆಕ್ಕುವಂತಿಲ್ಲ.

“ಬಿದ್ದ ಮರ ಎತ್ತಬಾರದು, ಬಿದ್ದ ಅವಲಕ್ಕಿ ಬಿಡಬಾರದು, ಎಸೆದ ಕಸ ಮುಟ್ಟಬಾರದು. ಈ ಇಲಾಖೇಲಿ ನಾನು ಒಂದು ದಿನ ಬಾಳ್ತಿರಲಿಲ್ಲ ಕಣೇ” ಎಂದರು.

ಆ ಹೊತ್ತಿಗೆ ಸಾಗರದಿಂದ ಅಕ್ಕನ ವಿಡಿಯೋ ಕರೆ. ಅಲ್ಲಿ ಬೆಳಗಿನ ಕಾಫಿ ಸಮಯ. “ಅಮೆರಿಕದ ಸಮುದ್ರ ತೋರ್ಸೇ” ಎಂದಳು. ಮೊಬೈಲನ್ನು ಅತ್ತ ತಿರುಗಿಸಿ, ಅಲೆ ಬರುವ ದಿಕ್ಕಿಗೆ ಚೆನ್ನಾಗಿ ಹಿಡಿದೆ.

“ಎಂಥದೂ ಕಾಣ್ತಿಲ್ಲ, ಬರೀ ಬೆಳ್ಳಗಾಯ್ತು. ನಿಮ್ಮಲ್ಲಿ ನೆಟ್‌ವರ್ಕ್ ಸರಿ ಇಲ್ಲ ಮಾರಾಯ್ತಿ, ಆಮೇಲೆ ಮಾಡು” ಎಂದು ಇಟ್ಟೇಬಿಟ್ಟಳು.