ವೇಗಯುಗ ನಿರ್ಣಯ: ಮಾರಿಕುಪ್ಪಂ ಮತ

ವಿಷಯ ಪ್ರವೇಶ

ಮೋಟಾರು ರೇಸಿನ ಯಾವ ಯುಗ ಶ್ರೇಷ್ಠ ಎಂಬ ಪ್ರಶ್ನೆಯ ಜನ್ಮದಿನ 1950ರ ಮೇ 13. ಅಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಓಟ ನಡೆದು, ಆಲ್ಫಾ ರೋಮಿಯೊ ಓಡಿಸಿದ ಜುಸೆಪ್ಪೆ ಫರೀನಾ ಗೆದ್ದ. ಓಟ ಮುಗಿಸಿ ಮನೆಗೆ ಹೊರಟ ಜನರಲ್ಲಿ ಒಬ್ಬನಾದರೂ "ಯುದ್ಧಕ್ಕೆ ಮುಂಚಿನ ರೇಸುಗಳ ಮುಂದೆ ಇದೇನು ಮಹಾ" ಎಂದು ಗೊಣಗಿಯೇ ಇರಬೇಕೆಂಬುದು ಅನುಮಾನ ಪ್ರಮಾಣದಿಂದ ಸಿದ್ಧ. ಅಂದಿನಿಂದ ಇಂದಿನವರೆಗೆ ಕಾರುಗಳು ಬದಲಾಗಿವೆ, ಗೊಣಗು ಬದಲಾಗಿಲ್ಲ.

ಶಾಸ್ತ್ರಗ್ರಂಥ ಎನಿಸಿಕೊಳ್ಳಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಬೇಕು. ವಿಷಯ ಹೇಳಿಯಾಯಿತು. ಪ್ರಯೋಜನ ಇಲ್ಲ. ಸಂಬಂಧ ಮಾತ್ರ ಗಟ್ಟಿಯಾದದ್ದು. ಚಿನ್ನದ ಗಣಿಯ ಊರಾದ ಕೆ.ಜಿ.ಎಫ್‌ನಲ್ಲಿ ರೇಸ್ ಟ್ರ್ಯಾಕ್ ಇಲ್ಲ ನಿಜ. ಆದರೆ ಕಳೆದುಹೋದ ಯುಗವನ್ನು ಹೊಗಳುವ ವಿದ್ಯೆಯಲ್ಲಿ ಈ ಊರನ್ನು ಮೀರಿಸುವ ಊರು ಕೋಲಾರ ಜಿಲ್ಲೆಯಲ್ಲೇ ಇಲ್ಲ. ಇಲ್ಲಿ ಕಾಲಗಣನೆಯೇ ಬೇರೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದದ್ದರಿಂದ ಹಿಡಿದು 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಳ್ಳುವವರೆಗಿನದು ಕಂಪನಿ ಕಾಲ. ಅಲ್ಲಿಂದ ಗಣಿ ಮುಚ್ಚಿದ 2001ರ ಫೆಬ್ರುವರಿ 28ರವರೆಗೆ ಸರ್ಕಾರದ ಕಾಲ. ಆಮೇಲಿನದು ರೈಲಿನ ಕಾಲ.

ಇನ್ನು ಅಧಿಕಾರಿ. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ, ಬಂಗಾರಪೇಟೆಯಲ್ಲಿ ಇನ್ನಷ್ಟು ಒತ್ತಿಸಿಕೊಂಡು ಬೆಂಗಳೂರಿಗೆ ಹೋಗಿ, ರಾತ್ರಿ ಅದೇ ಹಳಿಯ ಮೇಲೆ ಮರಳುವವರೇ ಈ ಶಾಸ್ತ್ರಕ್ಕೆ ಅಧಿಕಾರಿಗಳು. ಮಾಲೂರಿನಲ್ಲಿ ಎಕ್ಸ್‌ಪ್ರೆಸ್ ರೈಲಿಗೆ ದಾರಿ ಬಿಟ್ಟು ನಿಂತ ಬೋಗಿಯಲ್ಲಿ ವೇಗದ ಬೆಲೆ ತಿಳಿದಷ್ಟು ಮೊನಾಕೊದಲ್ಲಿ ತಿಳಿಯುವುದಿಲ್ಲ. ಪ್ರಸ್ತುತ ಗ್ರಂಥ ಆ ಬೋಗಿಯ ವಿದ್ವತ್ಸಭೆಯ ನಡಾವಳಿ.

ಪ್ರಥಮ ಪೂರ್ವಪಕ್ಷ: ಪ್ರಾಚೀನರು

ಈ ಪಂಥದ ಆಚಾರ್ಯರು ಬೆಮೆಲ್‌ನ ನಿವೃತ್ತ ಫಿಟ್ಟರ್. ಆಯುಷ್ಯವೆಲ್ಲ ಬುಲ್ಡೋಜರ್ ಜೋಡಿಸಿದ ಕೈ; ಆದ್ದರಿಂದ ವೇಗದ ಬಗ್ಗೆ ನಿಷ್ಪಕ್ಷಪಾತಿ. ಅವರ ಮತದಲ್ಲಿ 1950ರಿಂದ 1968ರವರೆಗಿನದೇ ಕೃತಯುಗ. ಫಾಂಜಿಯೊ ನಾಲ್ಕು ಬೇರೆ ಬೇರೆ ಕಂಪನಿಗಳ ಕಾರು ಓಡಿಸಿ ಐದು ಸಲ ಚಾಂಪಿಯನ್ ಆದ. 1957ರಲ್ಲಿ ನೂರ್‌ಬರ್ಗ್‌ರಿಂಗ್‌ನಲ್ಲಿ ಟೈರು ಬದಲಿಸಲು ನಿಂತು ಮುನ್ನಡೆಯನ್ನೆಲ್ಲ ಕಳೆದುಕೊಂಡು, ಮತ್ತೆ ಅಟ್ಟಿಸಿಕೊಂಡು ಹೋಗಿ ಎರಡು ಫೆರಾರಿಗಳನ್ನು ಹಿಂದಿಕ್ಕಿದ. ಆಗ ಅವನಿಗೆ 46 ವರ್ಷ. "ಸೀಟ್‌ಬೆಲ್ಟ್ ಇಲ್ಲ, ತೋಳು ಮಡಿಸಿದ ಕಾಟನ್ ಅಂಗಿ. ಅವನು ಗಂಡಸು ಸಾರ್" ಎಂಬುದು ಇವರ ಮಹಾವಾಕ್ಯ. ಜಿಮ್ ಕ್ಲಾರ್ಕ್ 1965ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪನ್ನೂ ಅಮೆರಿಕದ ಇಂಡಿಯಾನಾಪೊಲಿಸ್ 500 ಓಟವನ್ನೂ ಗೆದ್ದದ್ದು ಉಪವಾಕ್ಯ.

ಖಂಡನೆ ಸುಲಭ. ಅದೇ 1965ರಲ್ಲಿ ನಮ್ಮ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣದ ಗುರುತು ಹಿಡಿದರು. ಅದು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ, ಭೂಮಿಯನ್ನೇ ತೂರಿಕೊಂಡು ಹೋಗುವ ಪದಾರ್ಥ. ಟೈರಿಲ್ಲ, ಪೆಟ್ರೋಲಿಲ್ಲ, ಸ್ಪಾನ್ಸರ್ ಇಲ್ಲ. ಹೀಗಿರುವಾಗ ಆ ವರ್ಷದ ಅತಿ ವೇಗದ ಸ್ಪರ್ಧಿ ಕ್ಲಾರ್ಕ್‌ನ ಲೋಟಸ್ ಕಾರು ಎನ್ನುವುದು ಪ್ರತ್ಯಕ್ಷ ವಿರೋಧ.

ದ್ವಿತೀಯ ಪೂರ್ವಪಕ್ಷ: ಮಧ್ಯಕಾಲೀನರು

ಇವರ ಮುಖಂಡರು ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. ನಿಯಮವನ್ನು ಓದಿ, ಅದರ ಸಂದಿನಲ್ಲಿ ನುಸುಳಿದ ಎಂಜಿನಿಯರುಗಳ ಕಾಲವೇ ಶ್ರೇಷ್ಠ ಎಂಬುದು ಅವರ ವಾದ. 1976ರಲ್ಲಿ ಟೈರೆಲ್ ತಂಡ ಆರು ಚಕ್ರದ ಕಾರು ಕಟ್ಟಿ ಸ್ವೀಡನ್ನಿನಲ್ಲಿ ಗೆದ್ದಿತು. 1978ರಲ್ಲಿ ಅದೇ ಸ್ವೀಡನ್ನಿನಲ್ಲಿ ಬ್ರಾಭಮ್ ತಂಡದ ಕಾರು ಹಿಂದೆ ದೊಡ್ಡ ಫ್ಯಾನ್ ಕಟ್ಟಿಕೊಂಡು, ಕೆಳಗಿನ ಗಾಳಿ ಹೀರಿ ನೆಲಕ್ಕೆ ಅಂಟಿ ಓಡಿ ಗೆದ್ದಿತು. ಆ ಒಂದೇ ಓಟಕ್ಕೆ ಅದರ ಅವತಾರ ಸಮಾಪ್ತಿ. ಎಂಬತ್ತರ ದಶಕದ ಟರ್ಬೊ ಎಂಜಿನುಗಳು ಒಂದೂವರೆ ಲೀಟರಿನಲ್ಲೇ 1,000 ಅಶ್ವಶಕ್ತಿ ಮೀರಿದವು. 1988ರಲ್ಲಿ ಮೆಕ್‌ಲಾರೆನ್ 16ರಲ್ಲಿ 15 ಓಟ ಗೆದ್ದಿತು.

ಸಭೆ ಇವರನ್ನು ಇವರ ಬಾಣದಿಂದಲೇ ಹೊಡೆಯಿತು. 16ರಲ್ಲಿ 15 ಒಬ್ಬರೇ ಗೆದ್ದರೆ ಅದು ಪೈಪೋಟಿಯೋ ಆರತಿ ತಟ್ಟೆಯೋ? ಮೇಷ್ಟ್ರು "ತಂಡದ ಒಳಗೊಳಗೇ ಸೆನ್ನಾ, ಪ್ರಾಸ್ಟ್ ಜಗಳ ಇತ್ತಲ್ಲ" ಎಂದರು. ಜಗಳವನ್ನೇ ಯುಗದ ಅಳತೆಗೋಲಾಗಿ ಒಪ್ಪಿದರೆ ಬಂಗಾರಪೇಟೆಯಲ್ಲಿ ಸೀಟಿಗಾಗಿ ನಡೆಯುವುದೂ ಗ್ರ್ಯಾನ್ ಪ್ರೀ ಎನಿಸುವ ಅತಿವ್ಯಾಪ್ತಿ ದೋಷ ಬರುತ್ತದೆ.

ತೃತೀಯ ಪೂರ್ವಪಕ್ಷ: ಶಬ್ದವಾದಿಗಳು

ರಾಬರ್ಟ್‌ಸನ್‌ಪೇಟೆಯ ಬೈಕ್ ಮೆಕ್ಯಾನಿಕ್ ಈ ಪಂಥದವನು. ಶಬ್ದವೇ ಪರಮ ಪ್ರಮಾಣ ಎಂದು ಮೀಮಾಂಸಕರಿಗಿಂತ ಗಟ್ಟಿಯಾಗಿ ನಂಬಿದ್ದಾನೆ, ಅಕ್ಷರಶಃ. 2005ರವರೆಗೆ ಓಡಿದ ವಿ10 ಎಂಜಿನುಗಳು ನಿಮಿಷಕ್ಕೆ 19,000 ಸುತ್ತು ಸುತ್ತಿ ಕೂಗುತ್ತಿದ್ದವು. ಈಗಿನವು ಗೊರಕೆ ಹೊಡೆಯುತ್ತವೆ ಎಂಬುದು ಅವನ ದೂರು. ಫೋನಿನಲ್ಲಿಟ್ಟುಕೊಂಡ ಆ ಸದ್ದನ್ನು ಟೇಕಲ್‌ನಿಂದ ವೈಟ್‌ಫೀಲ್ಡ್‌ವರೆಗೆ ಕೇಳಿಸಿ, ನಿದ್ದೆಗೆಟ್ಟವರನ್ನೆಲ್ಲ ಸಾಕ್ಷಿಗಳೆಂದು ಎಣಿಸಿಕೊಂಡ.

"ಆ ಕಾಲದಲ್ಲಿ ಗೆದ್ದೋರು ಯಾರಪ್ಪಾ?" ಎಂದು ಫಿಟ್ಟರ್ ಕೇಳಿದರು. ಷೂಮಾಕರ್. ಮತ್ತೆ? ಷೂಮಾಕರ್. 2000ದಿಂದ 2004ರವರೆಗೆ ಸತತ ಐದು. 2002ರಲ್ಲಂತೂ ಇನ್ನೂ ಆರು ಓಟ ಬಾಕಿ ಇರುವಾಗಲೇ, ಜುಲೈ ತಿಂಗಳಲ್ಲೇ ಪಟ್ಟ ಕಟ್ಟಿಸಿಕೊಂಡ. ಸದ್ದು ಜಾಸ್ತಿ, ಸುದ್ದಿ ಕಮ್ಮಿ ಎಂದು ಸಭೆ ಬರೆದುಕೊಂಡಿತು.

ಚತುರ್ಥ ಪೂರ್ವಪಕ್ಷ: ನವ್ಯರು

ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗ 2014ರ ನಂತರದ ಹೈಬ್ರಿಡ್ ಯುಗದ ಪಕ್ಷಪಾತಿ. 1.6 ಲೀಟರಿನ ಎಂಜಿನ್, ಬ್ರೇಕಿನಿಂದ ಉಳಿಸಿಕೊಳ್ಳುವ ಕರೆಂಟು, ನಾಲ್ಕು ಟೈರಿಗೆ ಎರಡೇ ಸೆಕೆಂಡು. ಈ ಕೊನೆಯ ಮಾತನ್ನು ಸಭೆ ನಂಬದೆ, ಬಂಗಾರಪೇಟೆಯ ಪಾನಿಪೂರಿ ಗಾಡಿಯ ಮುಂದೆ ಪ್ರಯೋಗಕ್ಕಿಟ್ಟಿತು.

ಇಲ್ಲಿನ ಪಾನಿ ಹಸಿರಲ್ಲ. ಕುಡಿಯುವ ನೀರಿನಷ್ಟು ತಿಳಿ. ಖಾರ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಗಂಟಲು ಇಳಿದ ಮೇಲೆ ತನ್ನ ಹೆಸರು ಹೇಳುತ್ತದೆ. ಗಾಡಿಯಣ್ಣ ಹೆಬ್ಬೆರಳಿನಿಂದ ಪೂರಿಯ ನೆತ್ತಿ ಒಡೆದು, ಒಳಗೆ ತುಂಬಿ, ಪಾನಿ ಹಾಕಿ ಚಾಚುವಷ್ಟರಲ್ಲಿ ಕಾರು ಟೈರು ಬದಲಿಸಿಕೊಂಡು ಹೋಗಿಯೇ ಬಿಟ್ಟಿತ್ತು. 2023ರಲ್ಲಿ ಕತಾರ್‌ನಲ್ಲಿ ಮೆಕ್‌ಲಾರೆನ್ ತಂಡ ಇದನ್ನು 1.80 ಸೆಕೆಂಡಿನಲ್ಲಿ ಮುಗಿಸಿದೆ. ಫಾಂಜಿಯೊನ 1957ರ ನಿಲುಗಡೆಯಲ್ಲಾದರೆ ಆರಾಮಾಗಿ ನಿಂತು ತಿಂದು, ಕಣ್ಣೀರು ಒರೆಸಿಕೊಳ್ಳಲೂ ವ್ಯವಧಾನ ಸಿಗುತ್ತಿತ್ತು. ಪಾನಿಪೂರಿ ತಿನ್ನುವವರ ದೃಷ್ಟಿಯಿಂದ ಪ್ರಾಚೀನ ಯುಗವೇ ಮೇಲು ಎಂಬುದು ಪ್ರಯೋಗದ ಫಲಿತಾಂಶ.

ಉಪಕಥೆ: ಭಾರತ ಪರ್ವ

ಇಲ್ಲಿ ಸ್ವಾಭಿಮಾನಿಯೊಬ್ಬ ಎದ್ದು, ನಮ್ಮವರು ಓಡಿದ ಕಾಲವೇ ಶ್ರೇಷ್ಠ ಎಂದ. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಾಲ್ಕನೆಯವನಾಗಿ ಬಂದ. ಟೈರಿನ ತಕರಾರಿನಿಂದ ಉಳಿದವರು ಹಿಂದೆ ಸರಿದು, ಓಡಿದ್ದು ಆರೇ ಕಾರು ಎಂಬುದನ್ನು ಸಭೆ ದೇಶಪ್ರೇಮದಿಂದ ಕೈಬಿಟ್ಟಿತು. ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡದ ಫಿಸಿಕೆಲ್ಲಾ 2009ರಲ್ಲಿ ಬೆಲ್ಜಿಯಂನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಹೊರಟು ಎರಡನೆಯವನಾದ. ಅದಕ್ಕಿಂತ ಮೇಲೆ ಆ ತಂಡ ಏರಲಿಲ್ಲ. 2018ರಲ್ಲಿ ಸಾಲದ ಕಾರಣಕ್ಕೆ ಆಡಳಿತಾಧಿಕಾರಿಗಳ ಕೈಸೇರಿತು. ಗ್ರೇಟರ್ ನೊಯ್ಡಾದಲ್ಲಿ 2011ರಿಂದ 2013ರವರೆಗೆ ನಡೆದ ಮೂರೂ ಇಂಡಿಯನ್ ಗ್ರ್ಯಾನ್ ಪ್ರೀಗಳನ್ನು ವೆಟ್ಟೆಲ್ ಒಬ್ಬನೇ ಗೆದ್ದ. ಉತ್ತರ ಪ್ರದೇಶ ಸರ್ಕಾರ ಇದು ಕ್ರೀಡೆಯಲ್ಲ, ಮನರಂಜನೆ ಎಂದು ತೆರಿಗೆ ಕೇಳಿತು. ನಮ್ಮ ನಾಲ್ಕು ಪಂಥಗಳೂ ಬಗೆಹರಿಸಲಾಗದ ತತ್ತ್ವಪ್ರಶ್ನೆಯನ್ನು ತೆರಿಗೆ ಇಲಾಖೆ ಒಂದು ನೋಟಿಸಿನಲ್ಲಿ ಬಗೆಹರಿಸಿದ್ದು ಶಾಸ್ತ್ರಚರಿತ್ರೆಯಲ್ಲಿ ದೊಡ್ಡ ಮಾತು.

ಸಿದ್ಧಾಂತ

ಇಷ್ಟು ಹೊತ್ತು ಕಿಟಕಿ ಪಕ್ಕ ಸುಮ್ಮನಿದ್ದವರು ಚಾಂಪಿಯನ್ ರೀಫಿನಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದ ತಾತ. ಜನ ತುಂಬಿದ ಕೇಜನ್ನು ಶಾಫ್ಟಿನಲ್ಲಿ ಇಳಿಸಿ ಏರಿಸುವುದು ಅವರ ಕಸುಬು. ಕೂತಲ್ಲಿಂದ ಕೇಜು ಕಾಣದು. ಎದುರಿಗೆ ಆಳ ತೋರಿಸುವ ಮುಳ್ಳು, ಕಿವಿಗೆ ಗಂಟೆಯ ಸದ್ದು, ಕೈಯಲ್ಲಿ ಬ್ರೇಕು. ನಿಲ್ಲಿಸಿದಾಗ ಒಳಗಿದ್ದವನ ಕ್ಯಾರಿಯರ್‌ನ ಸಾರು ತುಳುಕಬಾರದು, ಅದೇ ಅವರ ಚಾಂಪಿಯನ್‌ಷಿಪ್ಪು.

"ತಾತಾ, ನೀವಾದ್ರೂ ಹೇಳಿ, ಯಾವ ಕಾಲ ದೊಡ್ಡದು?" ಎಂದ ಹುಡುಗ.

"ಇಳಿದೋರೆಷ್ಟು, ಹತ್ತಿದೋರೆಷ್ಟು? ಲೆಕ್ಕ ಸರಿಹೋದ್ರೆ ಒಳ್ಳೇ ಶಿಫ್ಟು. ಇಲ್ದಿದ್ರೆ ಎಷ್ಟು ಚಿನ್ನ ಬಂದಿದ್ರೂ ಕೆಟ್ಟ ಶಿಫ್ಟು. ಅಷ್ಟೇ ಕಣಪ್ಪಾ."

ಈ ಸೂತ್ರಕ್ಕೆ ಭಾಷ್ಯ ಬರೆಯದೆ ವಿಧಿಯಿಲ್ಲ. ಕೆ.ಜಿ.ಎಫ್‌ನ ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿದ್ದವು. ಕಂಪನಿ ಕಾಲದ ಕ್ಲಬ್ಬು, ಬ್ಯಾಂಡು, ಟೆನಿಸ್ ಕೋರ್ಟನ್ನು ಹೊಗಳುವವರು ಸಾಮಾನ್ಯವಾಗಿ ಆ ಪಾತ್ರೆಯ ಸದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೇಸಿನಲ್ಲೂ ಹೀಗೆಯೇ. ಕ್ಲಾರ್ಕ್ 1968ರಲ್ಲಿ ಹಾಕೆನ್‌ಹೈಮ್‌ನಲ್ಲಿ ಸತ್ತ. 1970ರ ಚಾಂಪಿಯನ್ ರಿಂಟ್, ಪಟ್ಟ ಬರುವ ಹೊತ್ತಿಗೆ ಬದುಕಿರಲಿಲ್ಲ. ಟ್ರ್ಯಾಕಿನ ಪಕ್ಕ ತಡೆಗೋಡೆ ಹಾಕಿ, ಡಾಕ್ಟರನ್ನು ಇಡಿ ಎಂದು ಚಾಲಕ ಜಾಕಿ ಸ್ಟುವರ್ಟ್ ಹಟ ಹಿಡಿದಾಗ ಅವನನ್ನು ಪುಕ್ಕಲ ಎಂದವರಿದ್ದರು. ಹಾಗೆಂದವರಲ್ಲಿ ಬಹಳಷ್ಟು ಮಂದಿ ಗ್ಯಾಲರಿಯಲ್ಲಿ ಕೂತವರು. 1994ರಲ್ಲಿ ಇಮೋಲಾದಲ್ಲಿ ಶನಿವಾರ ರಾಟ್ಜೆನ್‌ಬರ್ಗರ್, ಭಾನುವಾರ ಸೆನ್ನಾ ಸತ್ತರು. 2018ರಲ್ಲಿ ಚಾಲಕನ ತಲೆಯ ಸುತ್ತ ಹೇಲೋ ಎಂಬ ಟೈಟೇನಿಯಂ ಕಮಾನು ಬಂದಾಗ, ಹವಾಯಿ ಚಪ್ಪಲಿಯ ಪಟ್ಟಿ ಇದ್ದ ಹಾಗಿದೆ ಎಂದು ರಸಿಕರು ನಕ್ಕರು. 2020ರ ನವೆಂಬರಿನಲ್ಲಿ ಬಹರೇನ್‌ನಲ್ಲಿ ಗ್ರೋಜಾನ್‌ನ ಕಾರು ತಡೆಗೋಡೆಯನ್ನು ಸೀಳಿ ಎರಡು ತುಂಡಾಗಿ ಹೊತ್ತಿ ಉರಿಯಿತು. ಅರ್ಧ ನಿಮಿಷದೊಳಗೆ ಅವನು ಬೆಂಕಿಯಿಂದ ಎದ್ದು ಬಂದ, ಆ ಚಪ್ಪಲಿ ಪಟ್ಟಿಯ ಪುಣ್ಯದಿಂದ.

ಅಪಾಯವನ್ನು ಯುಗದ ಕಿರೀಟ ಮಾಡುವವರು ಎಂದೂ ಕೇಜಿನಲ್ಲಿ ಇಳಿಯುವವರಲ್ಲ. ಆದ್ದರಿಂದ ಇಳಿದವರ, ಹತ್ತಿದವರ ಲೆಕ್ಕ ಸರಿಹೋಗುತ್ತಿರುವ ಈಗಿನ ಕಾಲವೇ ಶ್ರೇಷ್ಠ. ಮುಂದಿನ ಓಟದ ಲೆಕ್ಕ ಮುಂದಿನ ಓಟಕ್ಕೆ.

ಆಕ್ಷೇಪ, ಸಮಾಧಾನ

"ತಾತಾ, 2023ರಲ್ಲಿ ರೆಡ್ ಬುಲ್ 22ರಲ್ಲಿ 21 ಗೆದ್ದಿದೆ. ನೋಡ್ತಾ ನೋಡ್ತಾ ನಿದ್ದೆ ಬಂತು" ಎಂದು ಮೆಕ್ಯಾನಿಕ್ ಆಕ್ಷೇಪವೆತ್ತಿದ.

"ಬರ್ಲಿ ಬಿಡು ಮಗಾ. ಬೇಜಾರಾಗೋಕೂ ಬದುಕಿರ್ಬೇಕಲ್ಲ."

ನಾಲ್ಕೂ ಪಂಥಗಳು ಈ ಸಮಾಧಾನವನ್ನು ಸರ್ವಾನುಮತದಿಂದ ಒಪ್ಪಿ, ಕೆ.ಆರ್.ಪುರ ಬರುವಷ್ಟರಲ್ಲಿ ಅವರವರ ಹಳೆಯ ಮತಕ್ಕೇ ಮರಳಿದವು.

ಫಲಶ್ರುತಿ

ಈ ನಿರ್ಣಯವನ್ನು ನಿತ್ಯ ಪಠಿಸುವವರಿಗೆ ಬಂಗಾರಪೇಟೆಯಲ್ಲೇ ಕಿಟಕಿ ಸೀಟು ಲಭಿಸುವುದು. ಕೇಳಿದವರಿಗೆ ಮೂರು ಜನರ ಸೀಟಿನಲ್ಲಿ ನಾಲ್ಕನೆಯ ಜಾಗ. ವಿರೋಧಿಸಿದವರು ಬೆಂಗಳೂರಿನವರೆಗೆ ನಿಂತೇ ಹೋಗುವರು. ಇಯರ್‌ಫೋನ್ ಇಲ್ಲದೆ ವಿ10 ಸದ್ದು ಕೇಳಿಸುವವರಿಗೆ ಮಾತ್ರ ಈ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿಲ್ಲ, ಅವರನ್ನು ಟಿ.ಟಿ.ಇ. ನೋಡಿಕೊಳ್ಳತಕ್ಕದ್ದು.